ಟಿಕೆಟ್ ಕೇಳುವ ಮುಂಚೆ ಪಹಣಿ ತೆಗೆಸಿ

ರಾಜಕೀಯಕ್ಕೆ ಬರಬೇಕೆಂದಿರುವ ಕಿರಿಯ ವಕೀಲರು ಈಗಲೂ ನನ್ನ ಕಚೇರಿಗೆ ಬರುತ್ತಾರೆ. ಟಿಕೆಟ್ ಯಾರ ಕೈಲಿದೆ, ಖರ್ಚು ಎಷ್ಟಾಗುತ್ತೆ, ಜಾತಿ ಲೆಕ್ಕ ಹೇಗೆ ಅಂತೆಲ್ಲ ಕೇಳುತ್ತಾರೆ. ಫಾರಂ 26ರ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ನನ್ನ ಶಾಸಕಗಿರಿಯ ಬಹುಪಾಲನ್ನು ತಿಂದುಹಾಕಿದ್ದು ನಾಮಪತ್ರದ ಜೊತೆ ಕೊಡುವ ಆ ಅಫಿಡವಿಟ್ಟು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಚಿಕ್ಕಪ್ಪ ಓದಿದರೂ ಓದಲಿ.

ಕೋರ್ಟಿನಿಂದ ವಿಧಾನಸೌಧಕ್ಕೆ ಹೋದವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು. ಸಿದ್ದರಾಮಯ್ಯನವರು ಮೈಸೂರಿನಲ್ಲಿ ವಕೀಲರಾಗಿದ್ದು 1983ರಲ್ಲಿ ಚಾಮುಂಡೇಶ್ವರಿಯಿಂದ ಗೆದ್ದರು. ಆ ಕಾಲದಲ್ಲಿ ನಾಮಪತ್ರದ ಜೊತೆ ಆಸ್ತಿ ವಿವರ ಕೊಡುವ ತಾಪತ್ರಯ ಇರಲಿಲ್ಲ. ಅಭ್ಯರ್ಥಿಯ ಆಸ್ತಿ, ಸಾಲ, ಕೇಸು ಎಲ್ಲ ತಿಳಿಯುವ ಹಕ್ಕು ಮತದಾರನಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2003ರಲ್ಲಿ ಮತ್ತೆ ಗಟ್ಟಿ ಮಾಡಿತು. ಒಳ್ಳೆಯ ಕಾನೂನೇ, ನನ್ನ ತಕರಾರಿಲ್ಲ. ಆದರೆ ಹಳ್ಳಿಯ ಕುಟುಂಬದಲ್ಲಿ ಯಾವ ಆಸ್ತಿ ಯಾರದ್ದು ಎಂದು ಒಂದು ಕಾಲಂನಲ್ಲಿ ಬರೆದು ಮುಗಿಸುವಷ್ಟು ಸಲೀಸಾಗಿ ಯಾವ ಊರಲ್ಲಿದೆ ಹೇಳಿ?

ನಮ್ಮ ತೆಂಗಿನ ತೋಟ ಅಪ್ಪ, ಚಿಕ್ಕಪ್ಪ ಇಬ್ಬರ ಜಂಟಿ ಖಾತೆಯಲ್ಲಿತ್ತು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಪೌತಿ ಖಾತೆಗೆ ಅರ್ಜಿ ಕೊಟ್ಟೆ. ಮೊದಲು ವಂಶವೃಕ್ಷ ಸರಿಯಿಲ್ಲ ಅಂದರು, ಸರಿಮಾಡಿ ಕೊಟ್ಟರೆ ಮರಣ ಪ್ರಮಾಣಪತ್ರದ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ ಅಂದರು. ಅಷ್ಟರಲ್ಲಿ ಚಿಕ್ಕಪ್ಪ ತಕರಾರು ಅರ್ಜಿ ಹಾಕಿದರು. ‘ಅಣ್ಣ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಪಾಲಾಗಿತ್ತು, ತೋಟ ನನಗೆ, ಊರ ಮನೆ ಅವನಿಗೆ’ ಅನ್ನುವುದು ಅವರ ವಾದ. ಆಗಿನ ಗ್ರಾಮ ಲೆಕ್ಕಿಗರು ಸ್ಥಳಕ್ಕೆ ಬರದೆ, ನನ್ನನ್ನೂ ಕೇಳದೆ ವರದಿ ಬರೆದರು. ಪಹಣಿ ಚಿಕ್ಕಪ್ಪನ ಒಬ್ಬರ ಹೆಸರಿಗೇ ಬಂತು. ನಾನು ವಕೀಲ, ಸುಮ್ಮನಿರುತ್ತೇನೆಯೇ? ಅಮ್ಮನ ಪರವಾಗಿ, ನನ್ನ ಪರವಾಗಿ ಲಾಯರ್ ನೋಟಿಸ್ ಕಳಿಸಿದೆ.

ಅದಾದ ಮೇಲೆ ಬಂತು 2018ರ ಚುನಾವಣೆ. ಅಫಿಡವಿಟ್ ತುಂಬಿಸಲು ಪಕ್ಷದವರು ಒಬ್ಬ ಲೆಕ್ಕಪರಿಶೋಧಕರನ್ನು ಕಳಿಸಿದ್ದರು. ತೋಟದ ವಿಷಯವನ್ನು ನಾನೇ ಎತ್ತಿದೆ. ‘ಪಹಣಿಯಲ್ಲಿ ನಿಮ್ಮ ಹೆಸರಿಲ್ಲ ಅಂದಮೇಲೆ ಬಿಡಿ ಸಾರ್. ಬರೆದರೆ ನಿಮ್ಮ ಚಿಕ್ಕಪ್ಪನೇ ಸುಳ್ಳು ಘೋಷಣೆ ಅಂತ ದೂರು ಕೊಡ್ತಾರೆ’ ಅಂದರು. ಆ ಮಾತಿನಲ್ಲಿ ಹುರುಳಿತ್ತು, ಈಗಲೂ ಇದೆ ಅನ್ನುತ್ತೇನೆ. ಮೇ 15ರಂದು ಸಾವಿರದೊಳಗಿನ ಅಂತರದಲ್ಲಿ ಗೆದ್ದೆ. ಅಷ್ಟು ಕಡಿಮೆ ಅಂತರದಲ್ಲಿ ಗೆದ್ದವನನ್ನು ಸೋತವನು ಸುಮ್ಮನೆ ಬಿಡುವುದಿಲ್ಲ.

ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಹಾಕಬೇಕು. ಗಡುವು ಮುಗಿಯುವ ಹೊತ್ತಿಗೆ ಹಾಕಿದರು. ತೋಟ ಮುಚ್ಚಿಟ್ಟಿದ್ದೇನೆ, ಆದ್ದರಿಂದ ನಾಮಪತ್ರ ಅಂಗೀಕರಿಸಿದ್ದೇ ತಪ್ಪು, ಜೊತೆಗೆ ಇದು ಭ್ರಷ್ಟ ಆಚರಣೆ ಎಂದು ಆರೋಪ. ಭ್ರಷ್ಟ ಆಚರಣೆ ಸಾಬೀತಾದರೆ ಶಾಸಕತ್ವ ಹೋಗುವುದಷ್ಟೇ ಅಲ್ಲ, ಆರು ವರ್ಷದವರೆಗೆ ಅನರ್ಹತೆಯೂ ಬೀಳಬಹುದು. ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲೇ ಬರೆದಿದೆ. ಎದುರು ಪಕ್ಷದವರು ವಾಯಿದೆ ಮೇಲೆ ವಾಯಿದೆ ಕೇಳಿದರು, ಆಮೇಲೆ ಕೊರೊನಾ ಬಂತು. 2019ರ ಜುಲೈನಲ್ಲಿ ವಿಶ್ವಾಸಮತ 99–105ರಲ್ಲಿ ಬಿದ್ದು ಸರ್ಕಾರ ಉರುಳಿದಾಗ ಇಡೀ ರಾಜ್ಯ ರೆಸಾರ್ಟುಗಳ ಕಡೆ ನೋಡುತ್ತಿತ್ತು. ನಾನು ಸದನದ ಮೊಗಸಾಲೆಯಲ್ಲಿ ಕೂತು ಆಕ್ಷೇಪಣೆಯ ಕರಡು ತಿದ್ದುತ್ತಿದ್ದೆ. ಕೆರೆ ತುಂಬಿಸುವ ಯೋಜನೆಯ ಬಗ್ಗೆ ಕೇಳಬೇಕೆಂದಿದ್ದ ಚುಕ್ಕೆ ಗುರುತಿನ ಪ್ರಶ್ನೆಗೆ ಸಕಾಲದಲ್ಲಿ ನೋಟಿಸ್ ಕೊಡಲಾಗಲಿಲ್ಲ. ಕ್ಷೇತ್ರದಲ್ಲಿ ಜನ ‘ನಮ್ಮ ಎಮ್ಮೆಲ್ಲೆ ಕೋರ್ಟಲ್ಲೇ ಇರ್ತಾರೆ’ ಅಂತ ನಗತೊಡಗಿದರು.

ಈಗ ಪಾಟೀಸವಾಲಿನ ದಿನಕ್ಕೆ ಬರುತ್ತೇನೆ. ಕಟಕಟೆಯಲ್ಲಿ ನಿಂತವರನ್ನು ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವನು ನಾನು. ಅಂದು ನಾನೇ ಅಲ್ಲಿ ನಿಂತಿದ್ದೆ. ಎದುರು ಪಕ್ಷದ ಹಿರಿಯ ವಕೀಲರು ದನಿ ಏರಿಸಲೇ ಇಲ್ಲ.

‘ತಾವು ವೃತ್ತಿಯಲ್ಲಿ ವಕೀಲರು?’

‘ಹೌದು.’

‘ಪಾಲು ವಿಭಾಗದ ದಾವೆಗಳನ್ನು ನಡೆಸಿದ್ದೀರಿ?’

‘ನಡೆಸಿದ್ದೇನೆ.’

‘ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೆ ಹಕ್ಕು ಬರುವುದು ಪಹಣಿಯಿಂದಲೋ, ಕಾನೂನಿನಿಂದಲೋ?’

ಎಲ್ಲಿಗೆ ಕರೆದೊಯ್ಯುತ್ತಿದ್ದಾರೆಂದು ಗೊತ್ತಾಯಿತು. ಕಂದಾಯ ದಾಖಲೆ ಹಕ್ಕು ಕೊಡುವುದಿಲ್ಲ ಎಂದು ನಾನೇ ಎಷ್ಟು ಕೋರ್ಟುಗಳಲ್ಲಿ ವಾದಿಸಿದ್ದೇನೋ! ‘ಕಾನೂನಿನಿಂದ’ ಅಂದೆ.

ಆಗ ಒಂದು ಕಾಗದ ನನ್ನ ಕೈಗೆ ಬಂತು. ನನ್ನದೇ ಲೆಟರ್‌ಹೆಡ್. ಮೇಲೆ ನನ್ನ ಹೆಸರು, ಬಿ.ಎ., ಎಲ್‌ಎಲ್.ಬಿ., ತಾಲ್ಲೂಕು ಕೋರ್ಟಿನ ಎದುರಿನ ವಿಳಾಸ. ಕೊನೆಯಲ್ಲಿ ಬಾಲ ಉದ್ದಕ್ಕೆ ಎಳೆದ ನನ್ನ ಸಹಿ. ರಿಜಿಸ್ಟರ್ಡ್ ಅಂಚೆಯ ಚೀಟಿ ಅಂಟಿದ ಲಕೋಟೆಯೂ ಜೊತೆಗಿತ್ತು, ಅದರ ಮೂಲೆಯಲ್ಲಿ ಎಲೆಯಡಿಕೆಯ ಕಲೆ. ಚಿಕ್ಕಪ್ಪ ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು, ಸಮಯ ನೋಡಿ ನನ್ನ ಎದುರಾಳಿಗೆ ಕೊಟ್ಟಿದ್ದರು. ಅವರ ಸಾಕ್ಷ್ಯ ಆಗಲೇ ಮುಗಿದಿತ್ತು. ಹಿಂದಿನ ಬೆಂಚಿನಲ್ಲಿ ಬಿಳಿ ಪಂಚೆಯುಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಮದುವೆ ಮನೆಗೆ ಬಂದವರ ಹಾಗೆ ಕೂತಿದ್ದರು.

ಮೂರನೇ ಪ್ಯಾರಾ ಓದಿ ಅಂದರು. ಓದಿದೆ. ‘ಸದರಿ ಸ್ವತ್ತಿನಲ್ಲಿ ನನಗೂ ನನ್ನ ತಾಯಿಯವರಿಗೂ ಸೇರಿ ಅವಿಭಜಿತ ಅರ್ಧ ಹಿಸ್ಸೆ ಇರುತ್ತದೆ.’

‘ಆ ಹಿಸ್ಸೆಯನ್ನು ಅಫಿಡವಿಟ್ಟಿನ ಯಾವ ಪುಟದಲ್ಲಿ ಬರೆದಿದ್ದೀರಿ, ತೋರಿಸಿ.’

ಅಫಿಡವಿಟ್ಟು ಕೈಗಿತ್ತರು. ಅದರಲ್ಲಿ ಇಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು, ನ್ಯಾಯಮೂರ್ತಿಗಳಿಗೂ ಗೊತ್ತು. ಆದರೂ ಪುಟ ತಿರುವಿದೆ. ಕೃಷಿ ಜಮೀನಿನ ಕಾಲಂ ಬಂತು. ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೇ ಎಂಬ ಸಾಲು. ಅಲ್ಲಿ ನಾನು ಕೊಂಡ ಒಂದು ತುಂಡು ಜಮೀನು ಮಾತ್ರ ಇತ್ತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತು. ‘ಸ್ವಾಮಿ, ಅದು ನೋಟಿಸಿನಲ್ಲಿ ಕೇಳಿದ ಹಕ್ಕು, ಕೈಗೆ ಬಂದ ಆಸ್ತಿ ಅಲ್ಲ. ಸ್ವಾಧೀನದಲ್ಲಿ ಚಿಕ್ಕಪ್ಪ ಇದ್ದಾರೆ, ಪಹಣಿ ಅವರ ಹೆಸರಲ್ಲಿದೆ, ತಕರಾರು ಬಾಕಿ ಇದೆ...’ ಎಂದು ಶುರುಮಾಡಿದೆ. ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಅಂದರು. ಎಷ್ಟೋ ಸಾಕ್ಷಿಗಳಿಗೆ ಇದೇ ಮಾತನ್ನು ಗದರಿಸಿ ಹೇಳಿದವನು ನಾನು.

‘ಬರೆದಿಲ್ಲ’ ಅಂದೆ. ಅಷ್ಟನ್ನೇ ದಾಖಲಿಸಿಕೊಂಡರು. ಮಾರನೆಯ ದಿನದ ಪತ್ರಿಕೆಯಲ್ಲೂ ಅಷ್ಟೇ ಬಂತು.

ಆ ವಾರವೇ ಚಿಕ್ಕಪ್ಪ ಊರಿನ ಹಿರಿಯರೊಬ್ಬರ ಕೈಲಿ ಹೇಳಿಕಳಿಸಿದರು: ‘ತೋಟ ಬಿಟ್ಟುಕೊಟ್ಟೆ ಅಂತ ಬರೆದುಕೊಡ್ಲಿ, ಎದುರು ಪಾರ್ಟಿಯವರಿಗೆ ನಾನೇ ಹೇಳಿ ರಾಜಿ ಮಾಡಿಸ್ತೀನಿ.’ ಹೆಂಡತಿ ‘ತೆಂಗಿನಮರ ದೊಡ್ಡದೋ, ನಿಮ್ಮ ಸೀಟು ದೊಡ್ಡದೋ’ ಅಂದಳು. ನಾನು ಒಪ್ಪಲಿಲ್ಲ. ಅಪ್ಪ ನೀರು ಹೊತ್ತು ಬೆಳೆಸಿದ ಮರಗಳವು. ಹಠ ಅಂತಾರೆ, ಅನ್ನಲಿ.

ಅರ್ಜಿ ವಜಾ ಆಯಿತು. ದಾಖಲೆಯಲ್ಲಿ ಹೆಸರಿಲ್ಲದ, ವಿವಾದದಲ್ಲಿದ್ದ ಪಾಲನ್ನು ಬರೆಯದಿದ್ದುದು ಚುನಾವಣೆಯನ್ನೇ ಅಸಿಂಧುಗೊಳಿಸುವಷ್ಟು ಗಂಭೀರ ಲೋಪವಲ್ಲ, ಫಲಿತಾಂಶಕ್ಕೆ ಅದರಿಂದ ಧಕ್ಕೆಯಾಗಿದೆಯೆಂದು ತೋರಿಸಿಲ್ಲ ಎಂದು ತೀರ್ಪು. ಆಮೇಲೆ 2024ರ ಏಪ್ರಿಲ್‌ನಲ್ಲಿ ಅರುಣಾಚಲ ಪ್ರದೇಶದ ಶಾಸಕ ಕರಿಖೋ ಕ್ರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಹೇಳಿತು: ಮಾರಿದ ವಾಹನ ಇನ್ನೂ ಹಳೆಯ ಹೆಸರಲ್ಲೇ ಇದೆಯೆಂದು ಚುನಾವಣೆ ರದ್ದುಮಾಡಲಾಗದು, ಗಣನೀಯವಲ್ಲದ ಪ್ರತಿಯೊಂದು ಚರ ಸ್ವತ್ತನ್ನೂ ಘೋಷಿಸಬೇಕಿಲ್ಲ. ಓದಿ ಸಮಾಧಾನವಾಯಿತು. ಅಷ್ಟು ಹೊತ್ತಿಗೆ ನಾನು 2023ರಲ್ಲಿ ಸೋತು ಮತ್ತೆ ಕೋಟು ಹಾಕಿಕೊಂಡಾಗಿತ್ತು. ಪ್ರಚಾರದಲ್ಲಿ ಎದುರಾಳಿ ಬಳಸಿದ್ದು ತೀರ್ಪನ್ನಲ್ಲ, ‘ಬರೆದಿಲ್ಲ’ ಅನ್ನುವ ಪತ್ರಿಕೆಯ ತಲೆಬರಹವನ್ನು.

ಕಿರಿಯರಿಗೆ ಹೇಳುವುದಿಷ್ಟು. ಟಿಕೆಟ್ ಕೇಳುವ ಮುಂಚೆ ನಿಮ್ಮ, ಹೆಂಡತಿಯ, ತೀರಿಕೊಂಡ ಅಪ್ಪ ಅಜ್ಜಂದಿರ ಹೆಸರಿನ ಪಹಣಿ, ಮ್ಯುಟೇಶನ್, ಇ.ಸಿ. ಎಲ್ಲ ತೆಗೆಸಿ. ತಕರಾರಿನ ಜಮೀನಿದ್ದರೆ ‘ವಿವಾದದಲ್ಲಿದೆ’ ಎಂದು ಸೇರಿಸಿಯೇ ಬರೆಯಿರಿ. ನನಗೆ ಈ ದಾರಿ ತೋರಿಸಬೇಕಾಗಿದ್ದವರು ಆ ಲೆಕ್ಕಪರಿಶೋಧಕರು. ಯಾವ ಕಾಲಂ ಕೂಡ ಖಾಲಿ ಬಿಡಬೇಡಿ, ಇಲ್ಲದ ಕಡೆ ‘ಇಲ್ಲ’ ಎಂದು ಬರೆಯಿರಿ. ತುಂಬಿ ಎಂದು ಚುನಾವಣಾಧಿಕಾರಿ ಹೇಳಿದ ಮೇಲೂ ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲೇ ತೀರ್ಪಾಗಿದೆ. ಖರ್ಚಿನ ಲೆಕ್ಕ ಫಲಿತಾಂಶದ 30 ದಿನದೊಳಗೆ ಕೊಡಿ, ತಪ್ಪಿದರೆ ಮೂರು ವರ್ಷ ಅನರ್ಹತೆ. ಶಾಸಕರಾದ ಮೇಲೂ ವಕೀಲಿ ಮಾಡಬಹುದು, 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ನಿಮ್ಮ ಕೇಸನ್ನು ನೀವೇ ನಡೆಸಬೇಡಿ.

ಚುನಾವಣಾ ತಕರಾರನ್ನು ಆರು ತಿಂಗಳಲ್ಲಿ ಮುಗಿಸಬೇಕೆಂಬ ಮಾತು ಪುಸ್ತಕದಲ್ಲಷ್ಟೇ ಉಳಿಯಬಾರದು. ಗೆದ್ದವನು ತಪ್ಪಿತಸ್ಥನಾದರೆ ಬೇಗ ಮನೆಗೆ ಹೋಗಲಿ. ಅಲ್ಲದಿದ್ದರೆ ಕ್ಷೇತ್ರದ ಕೆಲಸ ಮಾಡಲು ಅವನನ್ನು ಬಿಡಿ. ಇನ್ನು ತೋಟದ ದಾವೆ. ಅದು ಸಿವಿಲ್ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ, ನಾನು ಹಿಂದೆ ತೆಗೆಯುವುದಿಲ್ಲ.