ಮಕ್ಕಳ ಗ್ರಾಮಸಭೆ: ಮೈಕಿನಿಂದ ನಡಾವಳಿ ಪುಸ್ತಕದವರೆಗೆ

ಮಕ್ಕಳ ಗ್ರಾಮಸಭೆ ಎಂದರೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರು, ಸದಸ್ಯರು, ಪಿಡಿಒ ಮತ್ತು ಊರಿನಲ್ಲಿ ಕೆಲಸ ಮಾಡುವ ಇಲಾಖೆಗಳ ಸಿಬ್ಬಂದಿ ವರ್ಷಕ್ಕೊಮ್ಮೆ ಮಕ್ಕಳ ಎದುರು ಕೂತು ಅಹವಾಲು ಕೇಳುವ ಸಭೆ. ಮತ ಹಾಕುವ ವಯಸ್ಸಾಗದವರು ಪ್ರಶ್ನೆ ಕೇಳುತ್ತಾರೆ. ಮತ ಪಡೆದು ಗೆದ್ದವರು ಉತ್ತರಿಸಬೇಕು. ರಾಜ್ಯದ ಸುಮಾರು 6,000 ಗ್ರಾಮ ಪಂಚಾಯಿತಿಗಳಲ್ಲಿ ಇದು ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಶುರುವಾಗಿ ಮುಂದಿನ ಕೆಲವು ವಾರಗಳಲ್ಲಿ ನಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನಿಂದ ಬೆಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಿಗುವ ಆದಿವಾಲವೂ ಅಂಥ ಒಂದು ಪಂಚಾಯಿತಿ ಕೇಂದ್ರ. ಅಲ್ಲಿನ ಮತ್ತು ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರಿಗೆ ಸರ್ಕಾರದ ಜತೆ ನೇರವಾಗಿ ಮಾತಾಡಲು ಸಿಗುವ ಮೊದಲ ಜಾಗ ಇದೇ.

ಪದ್ಧತಿಯ ಬೇರು ಬಯಲುಸೀಮೆಯದಲ್ಲ, ಕರಾವಳಿಯದು. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸಂಸ್ಥೆಯ ಆಸರೆಯಲ್ಲಿ 1990ರಲ್ಲಿ ಭೀಮ ಸಂಘ ಹುಟ್ಟಿತು. ಅದು ದುಡಿಯುವ ಮಕ್ಕಳೇ ಕಟ್ಟಿಕೊಂಡ ಸಂಘ. 1990ರ ದಶಕದ ಮಧ್ಯದಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ತಲೆಯೆತ್ತಿದವು. ಮಕ್ಕಳೇ ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿಕೊಂಡರು. ದೊಡ್ಡವರ ಮುಂದೆ ಅವರು ಇಟ್ಟ ಬೇಡಿಕೆಗಳಲ್ಲಿ ಕಾಲುಸಂಕ ಒಂದು. ಮಳೆಗಾಲದಲ್ಲಿ ತೋಡು ತುಂಬಿ ಹರಿದಾಗ ದೊಡ್ಡವರಿಗೆ ಸೊಂಟಮಟ್ಟ ಬರುವ ನೀರು ಎಂಟು ವರ್ಷದವರಿಗೆ ಕುತ್ತಿಗೆಮಟ್ಟ. ಅದೇ ತೋಡನ್ನು ದಿನಾ ದಾಟುವ ಹಿರಿಯರಿಗೆ ಅದೊಂದು ಸಮಸ್ಯೆಯೆಂದೇ ತೋರಿರಲಿಲ್ಲ. ಮಕ್ಕಳನ್ನು ಏಕೆ ಕೇಳಬೇಕು ಎನ್ನುವವರಿಗೆ ಇದಕ್ಕಿಂತ ಚಿಕ್ಕ ಉತ್ತರ ಇರಲಾರದು.

ಕಾನೂನಿನ ಕಡೆಯಿಂದ ಎರಡು ಎಳೆಗಳು ಒಂದೇ ತಿಂಗಳಲ್ಲಿ ಬಂದವು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ ಒಪ್ಪಿಕೊಂಡದ್ದು 1992ರ ಡಿಸೆಂಬರ್ 11ರಂದು. ತಮಗೆ ಸಂಬಂಧಿಸಿದ ವಿಚಾರಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. ಅದೇ ಡಿಸೆಂಬರಿನಲ್ಲಿ ಸಂಸತ್ತು ಪಂಚಾಯತ್ ರಾಜ್‌ಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಈ ಎರಡನ್ನೂ ಜೋಡಿಸಿ ಎಲ್ಲ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸುವ ಹೊತ್ತಿಗೆ ಹದಿನಾಲ್ಕು ಹದಿನೈದು ವರ್ಷ ಕಳೆದಿತ್ತು.

ಸುತ್ತೋಲೆ ಕರಾವಳಿಯ ಅನುಭವವನ್ನು ಇಡೀ ರಾಜ್ಯಕ್ಕೆ ಹರಡಿತು, ಆದರೆ ದಾರಿಯಲ್ಲಿ ಒಂದು ಮುಖ್ಯವಾದದ್ದು ಕಳಚಿಬಿತ್ತು. ದುಡಿಯುವ ಮಕ್ಕಳಿಂದ ಹುಟ್ಟಿದ ಸಭೆ ಶಾಲೆಯ ಅಂಗಳಕ್ಕೆ ಬಂದು ನಿಂತಿತು. ಶಾಲೆಯಲ್ಲಿ ಹಾಜರಿ ಇದ್ದವರು ಸಭೆಯಲ್ಲೂ ಹಾಜರಿ. ವಾಣಿ ವಿಲಾಸ ಸಾಗರದ ನೀರು ಕಾಣುವ ಹಿರಿಯೂರು ಸೀಮೆಯಲ್ಲಿ ಹೊಲ ತೋಟದ ಕೆಲಸಕ್ಕೆ, ಹೆದ್ದಾರಿ ಬದಿಯ ಡಾಬಾ ಮತ್ತು ಪಂಕ್ಚರ್ ಅಂಗಡಿಗಳಿಗೆ ಹೋಗುವ ಹುಡುಗರು, ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತ ಹುಡುಗಿಯರು, ಕುರಿ ಹಿಂಡಿನ ಜತೆ ಊರಿಂದೂರಿಗೆ ಹೋಗುವವರು ಆ ಶಾಮಿಯಾನದ ಕೆಳಗೆ ಕಾಣುವುದಿಲ್ಲ. ಅವರನ್ನು ಕರೆಯುವುದು ಯಾರ ಕೆಲಸ ಎಂದು ಕೇಳಿದರೆ ಮುಖ್ಯ ಶಿಕ್ಷಕರು ಪಂಚಾಯಿತಿಯನ್ನು ತೋರಿಸುತ್ತಾರೆ, ಪಂಚಾಯಿತಿ ಅಂಗನವಾಡಿ ಕಾರ್ಯಕರ್ತೆಯನ್ನು ತೋರಿಸುತ್ತದೆ. ಕೊನೆಗೆ ಆ ಕಾರ್ಯಕರ್ತೆ ಕರೆತಂದ ಇಬ್ಬರು ಮೂವರು ಹಿಂದಿನ ಸಾಲಿನಲ್ಲಿ, ಸಮವಸ್ತ್ರದವರ ನಡುವೆ ಮುಜುಗರದಿಂದ ಕೂತಿರುತ್ತಾರೆ. ಈ ಲೇಖಕ ನೋಡಿದ ಸಭೆಗಳಲ್ಲಿ ಅಂಥವರು ಬಾಯಿಬಿಟ್ಟದ್ದು ತೀರ ವಿರಳ. ಸಭೆಯನ್ನು ಒಮ್ಮೆ ಶಾಲೆಯ ಬದಲು ಹಟ್ಟಿಯ ಕಟ್ಟೆಯ ಮೇಲೆ, ಸಂಜೆ ಕೆಲಸ ಮುಗಿದ ಹೊತ್ತಿನಲ್ಲಿ ಕರೆದರೆ ಲೆಕ್ಕ ಬೇರೆಯಾಗುತ್ತದೆ. ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.

ಸಭೆಯ ದಿನದ ನಡವಳಿಕೆ ಎಲ್ಲ ಕಡೆಯೂ ಬಹುತೇಕ ಒಂದೇ. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಆಮೇಲೆ ಅತಿಥಿಗಳ ಭಾಷಣ. ಮಕ್ಕಳು ಚೆನ್ನಾಗಿ ಓದಬೇಕು, ಮೊಬೈಲಿನಿಂದ ದೂರ ಇರಬೇಕು ಎಂಬ ಉಪದೇಶ ಮುಗಿಯುವಾಗ ಹನ್ನೆರಡೂವರೆ. ಒಂದು ಗಂಟೆಗೆ ಬಿಸಿಯೂಟ. ಮಕ್ಕಳ ಪಾಲಿಗೆ ಉಳಿಯುವುದು ಅರ್ಧ ಗಂಟೆ, ಅದರಲ್ಲೂ ಮೇಷ್ಟ್ರು ಬರೆದುಕೊಟ್ಟ ಚೀಟಿ ಓದುವ ಜಾಣರದೇ ಸರದಿ. ಒಂದು ಸಭೆಯಲ್ಲಿ ಹುಡುಗನೊಬ್ಬ ಚೀಟಿ ಓದಿ ಮುಗಿಸಿದ ಮೇಲೂ ಮೈಕು ಬಿಡದೆ, ಶಾಲೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬೆಳಿಗ್ಗೆಯೇ ಮದ್ಯದ ಪ್ಯಾಕೆಟ್ ಮಾರುತ್ತಾರೆ ಎಂದು ಹೇಳಿಬಿಟ್ಟ. ವೇದಿಕೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆ ದಿನದ ಸಭೆ ನಿಜವಾಗಿ ಶುರುವಾದದ್ದು ಆಗ. ಇಂಥದ್ದು ಆಕಸ್ಮಿಕವಾಗಿ ಆಗಬಾರದು ಎಂದರೆ ತಯಾರಿ ಸಭೆಗೆ ಹದಿನೈದು ದಿನ ಮೊದಲೇ, ವಾರ್ಡುವಾರು, ಮೇಷ್ಟ್ರಿಲ್ಲದ ಗುಂಪುಗಳಲ್ಲಿ ಆಗಬೇಕು. ಊರಿನ ನಕ್ಷೆಯನ್ನು ನೆಲದ ಮೇಲೆ ಬರೆದು ಎಲ್ಲಿ ಹೋಗಲು ಭಯ, ಎಲ್ಲಿ ಬೀದಿದೀಪವಿಲ್ಲ, ಹೆದ್ದಾರಿ ಎಲ್ಲಿ ದಾಟುತ್ತೀರಿ ಎಂದು ಗುರುತು ಹಾಕಿಸಿದರೆ ಮಾತು ತಾನಾಗಿ ಬರುತ್ತದೆ.

ಆದರೂ ಮಾತು ಬರುವುದು ಅರ್ಧ ಕೆಲಸ, ಅದೂ ಸುಲಭದ ಅರ್ಧ. ಕಷ್ಟವಿರುವುದು ಉತ್ತರದಲ್ಲಿ. ಮಕ್ಕಳ ಬೇಡಿಕೆಗಳು ಮೂರು ಬಗೆಯ ಬಾಗಿಲುಗಳಿಗೆ ಹೋಗುತ್ತವೆ. ಕುಡಿಯುವ ನೀರು, ಬೀದಿದೀಪ, ಚರಂಡಿ ಪಂಚಾಯಿತಿಯ ಕೈಯಲ್ಲೇ ಇವೆ. ಶಾಲೆಯ ಕಾಂಪೌಂಡು, ಶೌಚಾಲಯ, ಆಟದ ಮೈದಾನಗಳನ್ನು ಉದ್ಯೋಗ ಖಾತರಿಯಡಿ ಮಾಡಿಸಿಕೊಂಡ ಪಂಚಾಯಿತಿಗಳು ರಾಜ್ಯದಲ್ಲಿ ಬಹಳ. ಶಿಕ್ಷಕರ ಕೊರತೆ, ಬೆಳಗಿನ ಬಸ್ಸು ತಾಲ್ಲೂಕು ಮತ್ತು ಜಿಲ್ಲೆಯ ಇಲಾಖೆಗಳದು. ಹೆದ್ದಾರಿಗೆ ಮೇಲ್ಸೇತುವೆ ಬೇಕೆಂದರೆ ಹೆದ್ದಾರಿ ಪ್ರಾಧಿಕಾರ. ಈ ವಿಂಗಡಣೆಯನ್ನು ಮಕ್ಕಳಿಗೆ ಅಲ್ಲೇ ಬಿಡಿಸಿ ಹೇಳಿದರೆ ನಾಗರಿಕ ಶಾಸ್ತ್ರದ ಒಂದು ಪಾಠವೇ ಆಗುತ್ತದೆ. ಅದರ ಬದಲು ಎಲ್ಲಕ್ಕೂ ‘ಮೇಲಿನವರಿಗೆ ಬರೆಯುತ್ತೇವೆ’ ಎಂಬ ಒಂದೇ ಉತ್ತರ ಬರುವುದುಂಟು. ಆಗ ಕೇಳಬೇಕಾದ್ದು ಪತ್ರದ ಜಾವಕ ಸಂಖ್ಯೆ ಮತ್ತು ದಿನಾಂಕ. ಒಂದು ಊರಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹಿಂದಿನ ವರ್ಷದ ಪತ್ರದ ಜಾವಕ ಸಂಖ್ಯೆ ಕೇಳಿದಾಗ ಕಾರ್ಯದರ್ಶಿ ಕಚೇರಿಗೆ ಹೋಗಿ ಪುಸ್ತಕ ತರಬೇಕಾಯಿತು. ಪತ್ರ ಹೋಗಿರಲಿಲ್ಲ, ಅದೇ ವಾರ ಹೋಯಿತು.

ಆದ್ದರಿಂದ ಸಭೆಯ ಮೊದಲ ವಿಷಯ ಹಿಂದಿನ ವರ್ಷದ ಅನುಪಾಲನಾ ವರದಿಯಾಗಿರಬೇಕು. ಕಳೆದ ಸಲ ಕೇಳಿದ್ದು ಇಷ್ಟು, ಆಗಿದ್ದು ಇಷ್ಟು, ಆಗದ್ದು ಇಷ್ಟು, ಕಾರಣ ಇಂಥದ್ದು ಎಂದು ಪಿಡಿಒ ಓದಬೇಕು. ಆಗಿಲ್ಲ ಎಂಬ ಉತ್ತರಕ್ಕೆ ಮಕ್ಕಳು ಮುನಿಸಿಕೊಳ್ಳುವುದಿಲ್ಲ. ಉತ್ತರವೇ ಇಲ್ಲದಿದ್ದರೆ ಮರುವರ್ಷ ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ, ಅದನ್ನು ನೋಡಿ ದೊಡ್ಡವರು ‘ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ’ ಎನ್ನುತ್ತಾರೆ. ನಡಾವಳಿ ಪುಸ್ತಕದಲ್ಲಿ ಮಗುವಿನ ಮಾತು ಮಗು ಹೇಳಿದಂತೆಯೇ ದಾಖಲಾಗುವುದು ಕೂಡ ಮುಖ್ಯ. ‘ಶೌಚಾಲಯಕ್ಕೆ ಚಿಲಕ ಇಲ್ಲ, ಗೆಳತಿ ಬಾಗಿಲು ಹಿಡಿದು ನಿಲ್ಲಬೇಕು’ ಎಂದವಳ ಮಾತು ‘ಮೂಲಸೌಕರ್ಯ ಕುರಿತು ಚರ್ಚಿಸಲಾಯಿತು’ ಎಂದು ಬರೆಯಲ್ಪಟ್ಟರೆ ಐವತ್ತು ರೂಪಾಯಿಯ ಚಿಲಕವೂ ಬರುವುದಿಲ್ಲ.

ಕೆಲವು ಮಾತುಗಳು ಮೈಕಿನಲ್ಲಿ ಬರುವಂಥವಲ್ಲ. ಬಾಲ್ಯವಿವಾಹ ಅವುಗಳಲ್ಲಿ ಮೊದಲನೆಯದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಇಂಥ ಮದುವೆ ಆರಂಭದಿಂದಲೇ ಅಸಿಂಧು. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಅಪ್ಪನ ಪರಿಚಯದ ಸದಸ್ಯರು ವೇದಿಕೆಯ ಮೇಲಿರುವಾಗ ಯಾವ ಹುಡುಗಿಯೂ ತನಗೆ ಗಂಡು ನೋಡಿದ್ದಾರೆ ಎಂದು ಎದ್ದು ಹೇಳಲಾರಳು. ಮುಟ್ಟಿನ ದಿನಗಳಲ್ಲಿ ಹೊರಗಿರಬೇಕಾದ ಗೊಲ್ಲರಹಟ್ಟಿಯ ಹುಡುಗಿಯರ ಕಥೆಯೂ ಹಾಗೆಯೇ. ಹಟ್ಟಿಗಳಲ್ಲಿ ಆ ದಿನಗಳಿಗೆಂದು ಸರ್ಕಾರ ಭವನಗಳನ್ನು ಕಟ್ಟಿಸಿದ್ದೂ ಉಂಟು. ಮಳೆ ಚಳಿಗೆ ಅದೊಂದು ಆಸರೆ ಹೌದು, ಆದರೆ ಹೊರಗಿಡುವ ಪದ್ಧತಿಗೇ ಅದು ಗೋಡೆ ಚಾವಣಿ ಹಾಕಿಕೊಟ್ಟಂತಾಯಿತೇ ಎಂಬುದನ್ನು ಅಲ್ಲಿ ಇರಬೇಕಾದವರನ್ನೇ ಕೇಳಬೇಕಿತ್ತು. ಇಂಥ ವಿಷಯಗಳಿಗಾಗಿಯೇ ಶಾಲೆಗಳಲ್ಲಿ ಪ್ರಶ್ನೆ ಪೆಟ್ಟಿಗೆ ಇಡುವ ರೂಢಿ ಬಂದಿದೆ. ಪೆಟ್ಟಿಗೆಯ ಕೀಲಿ ಯಾರ ಬಳಿ ಇರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮಕ್ಕಳ ಅಕ್ಷರವನ್ನು ಮೇಷ್ಟ್ರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಅದು ಮಕ್ಕಳಿಗೆ ಗೊತ್ತು. ಊರಿನವರಲ್ಲದ ಯಾರಾದರೂ ತೆರೆದು ಓದುವ ವ್ಯವಸ್ಥೆ ಇದ್ದಲ್ಲಿ ಚೀಟಿಗಳ ಬಣ್ಣವೇ ಬದಲಾಗುತ್ತದೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ; ಆ ಸಂಖ್ಯೆ ಶಾಲೆಯ ಗೋಡೆಯ ಮೇಲಿದ್ದರೆ ಸಾಲದು, ಶಾಲೆ ಬಿಟ್ಟವರು ಓಡಾಡುವ ಬಸ್ ನಿಲ್ದಾಣದಲ್ಲೂ ಇರಬೇಕು.

18 ತುಂಬಿದ ದಿನ ಮಕ್ಕಳ ಗ್ರಾಮಸಭೆಯ ಬಾಗಿಲು ಮುಚ್ಚಿ ದೊಡ್ಡವರ ಗ್ರಾಮಸಭೆಯ ಬಾಗಿಲು ತೆರೆಯುತ್ತದೆ. ಕಾಗದದ ಮೇಲೆ ಇದು ಬಡ್ತಿ. ವಾಸ್ತವದಲ್ಲಿ ಹೆಚ್ಚಿನವರು ಎರಡರ ನಡುವೆ ಕಳೆದುಹೋಗುತ್ತಾರೆ. ಮನೆ ಮಂಜೂರಾತಿ, ಫಲಾನುಭವಿಗಳ ಪಟ್ಟಿಗಳ ಜಗಳ ನಡೆಯುವ ಆ ಸಭೆಯಲ್ಲಿ ಹತ್ತೊಂಬತ್ತರ ಹುಡುಗನಿಗೆ ಹೇಳಲು ಏನೂ ಇಲ್ಲ ಎಂದು ಅವನೂ ನಂಬಿರುತ್ತಾನೆ, ಉಳಿದವರೂ ನಂಬಿರುತ್ತಾರೆ. ಊರಿನ ಯುವಕ ಸಂಘಗಳಿಗೆ ಜೀವ ಬರುವುದು ಗಣೇಶನ ಹಬ್ಬಕ್ಕೆ ಮತ್ತು ರಾಜ್ಯೋತ್ಸವಕ್ಕೆ. ಯುವತಿಯರಿಗೆ ಅದೂ ಇಲ್ಲ. ನೆಹರು ಯುವ ಕೇಂದ್ರಗಳು 1972ರಲ್ಲೇ ಶುರುವಾದವು. ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳಲ್ಲಿ ಓದು, ಮನಸ್ಸು, ಸಂಬಂಧಗಳ ಕುರಿತು ಯುವಜನರಿಗೆ ಸಮಾಲೋಚನೆ ಸಿಗುತ್ತದೆ. ಒಳ್ಳೆಯ ಸೇವೆ, ಆದರೆ ಅದು ಜಿಲ್ಲಾ ಕ್ರೀಡಾಂಗಣದಲ್ಲಿ. ಆದಿವಾಲದ ಹುಡುಗಿ ಮನೆಯವರಿಗೆ ಏನು ಹೇಳಿ ಚಿತ್ರದುರ್ಗದ ಬಸ್ಸು ಹತ್ತಬೇಕು?

ಹಳ್ಳಿಯ ಯುವಜನರಿಗೆ ಹತ್ತಿರವಾದ ಸೇವೆ ಎಂದರೆ ಈಗ ಗ್ರಾಮ ಪಂಚಾಯಿತಿ ಗ್ರಂಥಾಲಯ. ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದ ಈ ಕೋಣೆಗಳಲ್ಲಿ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಶುರುವಾಯಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ ಅದು. ಕಾನ್‌ಸ್ಟೆಬಲ್, ಎಫ್‌ಡಿಎ ಪರೀಕ್ಷೆಗೆ ಓದುವವರೂ ಅಲ್ಲೇ ಕೂರುತ್ತಾರೆ. ಮನೆಯಲ್ಲಿ ಕೂತು ಓದಲು ಜಾಗವಿಲ್ಲದವರಿಗೆ ಒಂದು ಮೇಜು, ಕುರ್ಚಿ, ಫ್ಯಾನು ಎಷ್ಟು ದೊಡ್ಡದು ಎಂಬುದನ್ನು ಅಲ್ಲಿ ಸಂಜೆ ಹೋಗಿ ನೋಡಬೇಕು. ಕೇಂದ್ರ ಸಂಜೆ ಎಷ್ಟರವರೆಗೆ ತೆರೆದಿರಬೇಕು, ಯಾವ ಪುಸ್ತಕ ತರಿಸಬೇಕು ಎಂಬ ತೀರ್ಮಾನದಲ್ಲಿ ಓದುಗರಾದ ಯುವಕ ಯುವತಿಯರು ಇರುವುದು ದೊಡ್ಡ ಸುಧಾರಣೆಯೇನಲ್ಲ. ಕೆಲಸಕ್ಕೆ ಹೋಗುವವರು ಬರುವುದು ಆರರ ಮೇಲೆ. ಆ ಹೊತ್ತಿಗೆ ಬೀಗ ಬೀಳುವ ಗ್ರಂಥಾಲಯ ಅವರ ಪಾಲಿಗೆ ಇಲ್ಲದಂತೆಯೇ.

ಸಂವಿಧಾನದ 243-ಎಫ್ ವಿಧಿಯ ಪ್ರಕಾರ 21 ತುಂಬಿದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಹುದು. ಶಾಸಕರಾಗಲು 25 ಬೇಕು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ರಂದು. ಆಗ ಎಂಟನೇ ತರಗತಿಯ ಬೆಂಚಿನಲ್ಲಿ ಕೂತು ಶೌಚಾಲಯದ ಚಿಲಕ ಕೇಳುವ ವಯಸ್ಸಿನಲ್ಲಿದ್ದವರು ಐದು ವರ್ಷ ಕಳೆಯುವುದರೊಳಗೆ ಮತದಾರರಾದರು, ಆಗ ಹದಿನಾರಿದ್ದವರಿಗೆ ಸ್ಪರ್ಧಿಸುವ ವಯಸ್ಸಾಯಿತು.