ಧ್ವಜಸ್ತಂಭದ ಎತ್ತರವೆಷ್ಟು?



ಈ ಕಾಲದಲ್ಲಿ ಯಾವ ಸಂದೇಹ ಮೂಡಿದರೂ ಕೈ ಮೊದಲು ಹೋಗುವುದು ಮೊಬೈಲಿನ ಕಡೆಗೆ. ಅಂತರಜಾಲದಲ್ಲಿ ಎರಡು ಪದಗಳನ್ನು ಬರೆದರೆ ಸಾಕು, ಉತ್ತರವು ಕ್ಷಣಮಾತ್ರದಲ್ಲಿ ಕಣ್ಣೆದುರು ನಿಲ್ಲುತ್ತದೆ. ಇದು ದೊಡ್ಡ ಅನುಕೂಲವೇ ಸರಿ. ಆದರೆ ಜಗತ್ತಿನಲ್ಲಿ ಯಾರೂ ಇನ್ನೂ ಬರೆದಿಡದ ಉತ್ತರಗಳು ಲೆಕ್ಕವಿಲ್ಲದಷ್ಟಿವೆ. ಅಂತಹ ಪ್ರಶ್ನೆ ಎದುರಾದಾಗ ಏನು ಮಾಡಬೇಕು? ಮುಂಬಯಿಯ ನಮ್ಮ ಶಾಲೆಯ ಅಂಗಳದಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗದಿಂದ ಇದನ್ನು ವಿಚಾರಿಸೋಣ.

2025ರ ಜನವರಿ ತಿಂಗಳು. ಗಣರಾಜ್ಯೋತ್ಸವ ಸಮೀಪಿಸಿತ್ತು. ಧ್ವಜಸ್ತಂಭದ ಹಳೆಯ ಹಗ್ಗವು ಕೊಳೆತು ತುಂಡಾಗಿ ಎಂದೋ ಕಸ ಸೇರಿತ್ತು. ಸುಣ್ಣ ಬಳಿಯುವವರ ಉದ್ದನೆಯ ಏಣಿ ಬರುವ ಮುನ್ನ ಹೊಸ ಹಗ್ಗವನ್ನು ತಂದಿಡಬೇಕಿತ್ತು. ಹಗ್ಗವು ಮೇಲಿನ ರಾಟೆಯವರೆಗೆ ಏರಿ ಮತ್ತೆ ಕೆಳಗಿಳಿಯಬೇಕಾದುದರಿಂದ ಅದರ ಉದ್ದ ಸ್ತಂಭದ ಎತ್ತರದ ಎರಡರಷ್ಟಿರಬೇಕು. ಹಾಗಾದರೆ ಸ್ತಂಭದ ಎತ್ತರವೆಷ್ಟು?

ಹತ್ತನೆಯ ತರಗತಿಯವರನ್ನು ಕೇಳಿದೆವು. ಒಬ್ಬ ವಿದ್ಯಾರ್ಥಿ ತನ್ನ ತಂದೆಯ ಮೊಬೈಲಿನಲ್ಲಿ ಹುಡುಕಿದ. ಎಲ್ಲೆಲ್ಲಿಯ ಧ್ವಜಸ್ತಂಭಗಳ ಎತ್ತರವೋ ಅಲ್ಲಿ ದೊರೆಯಿತು. ನಮ್ಮ ಅಂಗಳದ ಸ್ತಂಭದ ಎತ್ತರ ಮಾತ್ರ ದೊರೆಯಲಿಲ್ಲ. ಆಗ ಒಬ್ಬ ವಿದ್ಯಾರ್ಥಿನಿ ನೆಲದ ಮೇಲೆ ಬಿದ್ದಿದ್ದ ನೆರಳನ್ನು ತೋರಿಸಿ, "ಇದನ್ನು ಅಳೆಯಬಹುದಲ್ಲವೇ, ಸರ್?" ಎಂದಳು. ಪಾಠವು ಅಲ್ಲಿಂದಲೇ ಮೊದಲಾಯಿತು.

ಸೂರ್ಯನು ನಮ್ಮಿಂದ ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ನಮ್ಮ ಅಂಗಳಕ್ಕೆ ಸಮಾಂತರವಾಗಿ ಬೀಳುತ್ತವೆ ಎಂದು ಭಾವಿಸಬಹುದು. ನೆಟ್ಟಗೆ ನಿಂತ ಕೋಲು, ಅದರ ನೆರಳು, ಕೋಲಿನ ತುದಿಯಿಂದ ನೆರಳಿನ ತುದಿಗೆ ಇಳಿಯುವ ಕಿರಣ, ಇವು ಸೇರಿ ಒಂದು ಲಂಬಕೋನ ತ್ರಿಭುಜ. ಸ್ತಂಭ ಮತ್ತು ಅದರ ನೆರಳಿನಿಂದ ಇನ್ನೊಂದು. ಇವೆರಡೂ ಸಮರೂಪ ತ್ರಿಭುಜಗಳು. ಆದುದರಿಂದ ಎತ್ತರಕ್ಕೂ ನೆರಳಿಗೂ ಇರುವ ಅನುಪಾತ ಎರಡರಲ್ಲಿಯೂ ಒಂದೇ ಆಗಿರುತ್ತದೆ.

ವಿದ್ಯಾರ್ಥಿಗಳು ಎರಡು ತಂಡಗಳಾದರು. ಒಂದು ಮೀಟರ್ ಉದ್ದದ ಕೋಲನ್ನು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ನೆಟ್ಟಗಿದೆಯೇ ಎಂದು ಪರೀಕ್ಷಿಸಿದರು. ಬೆಳಿಗ್ಗೆ 10-30ಕ್ಕೆ ಕೋಲಿನ ನೆರಳು 1.30 ಮೀಟರ್ ಇದ್ದಿತು. ಮೊದಲ ತಂಡ ಆಗಲೇ ಸ್ತಂಭದ ನೆರಳನ್ನೂ ಅಳೆಯಿತು: 7.80 ಮೀಟರ್. 7.80ನ್ನು 1.30ರಿಂದ ಭಾಗಿಸಿದಾಗ ಎತ್ತರ 6 ಮೀಟರ್ ಎಂದಾಯಿತು. ಎರಡನೆಯ ತಂಡಕ್ಕೆ ಬಂದ ಉತ್ತರವೋ 5.08 ಮೀಟರ್!

ಯಾವುದು ಸರಿ? ಇದನ್ನು ತಿಳಿಸಲು ಅಂತರಜಾಲಕ್ಕೂ ಸಾಧ್ಯವಿರಲಿಲ್ಲ. ಉತ್ತರವನ್ನು ನಾವೂ ಹೇಳಲಿಲ್ಲ. ವಿದ್ಯಾರ್ಥಿಗಳು ಭಾಗಾಕಾರವನ್ನು ಮತ್ತೆ ಮಾಡಿದರು; ತಪ್ಪಿರಲಿಲ್ಲ. ಅಳತೆಯ ಪಟ್ಟಿಯನ್ನು ಪರೀಕ್ಷಿಸಿದರು, ಅದೂ ಸರಿಯಾಗಿತ್ತು. ಕೊನೆಗೆ ಅವರಲ್ಲೇ ಒಬ್ಬನಿಗೆ ಹೊಳೆಯಿತು: ಕೋಲಿನ ನೆರಳನ್ನು 10-30ಕ್ಕೆ ಅಳೆದ ಅವರು ಸ್ತಂಭದ ನೆರಳನ್ನು ಅಳೆದದ್ದು 11 ಗಂಟೆಗೆ. ಅಷ್ಟರಲ್ಲಿ ಸೂರ್ಯ ಮೇಲೇರಿ ನೆರಳು 6.60 ಮೀಟರಿಗೆ ಕುಗ್ಗಿತ್ತು. ಒಡನೆ ಕೋಲನ್ನು ಮತ್ತೆ ನಿಲ್ಲಿಸಿ, ಈ ಬಾರಿ ಎರಡೂ ನೆರಳುಗಳನ್ನು ಒಂದೇ ವೇಳೆಗೆ ಅಳೆದರು. ಉತ್ತರ 6 ಮೀಟರಿಗೇ ಬಂದು ನಿಂತಿತು. ಗಂಟಿಗೆಂದು ಒಂದು ಮೀಟರ್ ಸೇರಿಸಿ 13 ಮೀಟರ್ ಹಗ್ಗ ತರಿಸಿದೆವು. ಜನವರಿ 26ರಂದು ಧ್ವಜವು ನಿರಾತಂಕವಾಗಿ ಏರಿತು. ಎರಡನೆಯ ತಂಡದ ಮೊದಲ ಲೆಕ್ಕವನ್ನು ನಂಬಿದ್ದರೆ ಹಗ್ಗ ಸಾಲದೆ ಹೋಗುತ್ತಿತ್ತು.

ಈ ವಿದ್ಯೆ ಹೊಸದಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಅದರಲ್ಲಿ ನೆರಳಿನ ಲೆಕ್ಕಗಳಿಗೆಂದೇ ಒಂದು ಅಧ್ಯಾಯವಿದೆ. ಕನ್ನಡದಲ್ಲಿ 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ದೊರೆಯ ಆಳ್ವಿಕೆಯಲ್ಲಿ. ಒಂದು ಕೋಲು, ಒಂದು ನೆರಳು, ಜೊತೆಗೆ ಎಚ್ಚರವುಳ್ಳ ಬುದ್ಧಿ, ಇಷ್ಟಿದ್ದರೆ ಸಾಕೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು.

ಅಂತರಜಾಲವನ್ನು ಮುಟ್ಟಬಾರದೆಂದು ನಾವು ಹೇಳುತ್ತಿಲ್ಲ. ಇಸವಿ, ಊರು, ಪದದ ಅರ್ಥ ಮೊದಲಾದವನ್ನು ಹುಡುಕಿಯೇ ತಿಳಿಯಬೇಕು. ಆದರೆ ವಿಚಾರ ಮಾಡಿ ಬಿಡಿಸಬಹುದಾದ ಸಮಸ್ಯೆ ಬಂದಾಗ ಈ ಕ್ರಮವನ್ನು ಅನುಸರಿಸಿರಿ. ಮೊದಲು ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ತಿಳಿದುದೇನು, ತಿಳಿಯಬೇಕಾದುದೇನು ಎಂದು ಬೇರ್ಪಡಿಸಿರಿ. ಚಿತ್ರ ಬರೆಯಿರಿ. ಉತ್ತರ ಸುಮಾರು ಎಷ್ಟಿರಬಹುದೆಂದು ಊಹಿಸಿರಿ. ಅರ್ಧ ಗಂಟೆಯಾದರೂ ಸ್ವತಃ ಪ್ರಯತ್ನಿಸಿರಿ. ಬಂದ ಉತ್ತರವನ್ನು ಇನ್ನೊಂದು ಬಗೆಯಿಂದ ತಾಳೆ ನೋಡಿರಿ. ಆಮೇಲೆ ಬೇಕಾದರೆ ಹುಡುಕಿರಿ. ಆಗ ಅಲ್ಲಿ ದೊರೆತದ್ದು ಸರಿಯೋ ತಪ್ಪೋ ಎಂದು ತೂಗಿ ನೋಡುವ ಶಕ್ತಿ ನಿಮಗಿರುತ್ತದೆ.

ಹುಡುಕಿ ಪಡೆದ ಉತ್ತರ ಆ ಹೊತ್ತಿಗೆ ಒದಗೀತು. ಉತ್ತರ ಕಂಡುಕೊಳ್ಳುವ ದಾರಿ ಮಾತ್ರ ನಡೆದವರಿಗೇ ತಿಳಿಯುತ್ತದೆ. ಅಂದು ತಪ್ಪು ಮಾಡಿದ ತಂಡದವರು ನೆರಳು ಚಲಿಸುತ್ತದೆಂಬುದನ್ನು ಇನ್ನೆಂದಿಗೂ ಮರೆಯಲಾರರು.

ಕೊನೆಯದಾಗಿ ನಿಮಗೊಂದು ಅಭ್ಯಾಸ. ಮೋಡ ಕವಿದು ನೆರಳೇ ಬೀಳದ ಮಳೆಗಾಲದ ದಿನ ಅದೇ ಸ್ತಂಭದ ಎತ್ತರವನ್ನು ಅಳೆಯುವುದು ಹೇಗೆ? ಯೋಚಿಸಿ, ಚಿತ್ರ ಬರೆದುಕೊಂಡು ಬನ್ನಿರಿ. ನಾವು ಅಂಗಳದಲ್ಲಿ ಕಾದಿರುತ್ತೇವೆ.