ಹುಣಸೆಬೀಜದ ಬಡ್ಡಿ ಲೆಕ್ಕ

ಸರಳಬಡ್ಡಿಯ ಸೂತ್ರ ನಮಗೆಲ್ಲ ಬಾಯಿಪಾಠ. ಆದರೆ ತಿಂಗಳು ತಿಂಗಳು ಅಸಲು ಕಟ್ಟುತ್ತ ಹೋದರೆ ಬಡ್ಡಿ ಏನಾಗಬೇಕು? ಪಾಠದಲ್ಲಿ ಇದು ಇಲ್ಲ. ನಾನು ಕಲಿತದ್ದು ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ತರಬೇತಿಯಲ್ಲಿ. ಅಲ್ಲಿ ಅಕ್ಷರ ಬಾರದವರೇ ಹೆಚ್ಚು. ಲೆಕ್ಕದ ಪುಸ್ತಕ ಬರೆಯಲು ನಾನು ಅವ್ವನ ಜೊತೆ ಹೋಗುತ್ತೇನೆ.

ತರಬೇತಿ ಕೊಡಲು ಬಂದ ಅಕ್ಕ ಕರಿಹಲಗೆ ಮುಟ್ಟಲೇ ಇಲ್ಲ. ನೆಲದ ಮೇಲೆ 12 ಹುಣಸೆಬೀಜ ಸಾಲಾಗಿ ಇಟ್ಟರು. ಒಂದು ಬೀಜ ಅಂದ್ರೆ 1,000 ರೂಪಾಯಿ, ಸಾಲ 12,000. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು, ಅಂದರೆ ಬೀಜಕ್ಕೆ 20. ಮೊದಲ ತಿಂಗಳು ಬಡ್ಡಿ 240. ಅಸಲು 1,000 ಕಟ್ಟಿದ್ದಕ್ಕೆ ಒಂದು ಬೀಜ ತೆಗೆದರು. ಎರಡನೇ ತಿಂಗಳು 220, ಆಮೇಲೆ 200, ಕಡೆಯ ತಿಂಗಳು ಬರೀ 20. ಎಲ್ಲ ಕೂಡಿಸಿದರೆ 1,560. ಸಂಘದ ಲೆಕ್ಕ ಇದು.

ಕೆಲವು ಖಾಸಗಿಯವರು ಕೊನೇವರೆಗೂ ಮೊದಲಿನ 12,000ಕ್ಕೇ ಬಡ್ಡಿ ಹಾಕುತ್ತಾರೆ. 240ರಂತೆ 12 ತಿಂಗಳಿಗೆ 2,880! ಅವರು "ಒಂದೂವರೆ ರೂಪಾಯಿ ಬಡ್ಡಿ ಅಷ್ಟೇ" ಅಂದರೂ 2,160 ಆಗುತ್ತದೆ. ಸಂಘದ ಎರಡು ರೂಪಾಯಿಗಿಂತ ಅದೇ ದುಬಾರಿ.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ, "ಹಂಗಾರ ಬೀಜ ಇಲ್ಲದ ಜಾಗಕ್ಕೂ ನಾ ಬಡ್ಡಿ ಕಟ್ಟೀನಲ್ಲವ್ವಾ!" ಅಂದಳು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

ಹೆಬ್ಬೆಟ್ಟು ಒತ್ತುವ ಮೊದಲು ದರ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಬಡ್ಡಿ ಯಾವ ಮೊತ್ತಕ್ಕೆ ಎಂದೂ ಕೇಳಬೇಕು. ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾಯ್ದೆಯೇ ಬಂದಿದೆ.

ನಿಮಗೊಂದು ಲೆಕ್ಕ: ದರ ನೂರಕ್ಕೆ ಮೂರಾದರೆ ಎರಡೂ ಬಗೆಯಲ್ಲಿ ಬಡ್ಡಿ ಎಷ್ಟೆಷ್ಟು? ಉತ್ತರ ಮುಂದಿನ ಸಂಚಿಕೆಯಲ್ಲಿ.